ಅಪ್ಪನ ಇನ್ನೊಂದು ಹೆಸರು

ಭಾನುವಾರದ ಪ್ರಾರ್ಥನೆ ಮುಗಿಸಿ ಬಂದು ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತಿದ್ದರು. ಬಿಸಿಗಲ್ಲುಗಳ ಮೇಲೆ ಬೆಂದ ಕೆಸುವಿನ ಗೆಡ್ಡೆ, ತೆಂಗಿನ ಹಾಲು ತುಂಬಿ ಕಟ್ಟಿ ಬೇಯಿಸಿದ ಎಲೆಗಳ ಘಮ ಮನೆ ತುಂಬಿತ್ತು. ಮನೆತನದ ಮುಖಂಡ ಫೌಮಾಲು ಮೊದಲ ತುತ್ತು ತೆಗೆದುಕೊಳ್ಳದೆ ಯಾರೂ ಕೈಹಾಕುವಂತಿರಲಿಲ್ಲ. ಅವರು ಮಾತ್ರ ಸುಮ್ಮನೆ ತಟ್ಟೆ ನೋಡುತ್ತ ಕೂತಿದ್ದರು.

ಮಗಳು ಸಿಯೆನಿಗೆ ತಡೆಯಲಾಗಲಿಲ್ಲ. “ಅಪ್ಪಾ, ಕಾಲು ನೋವಾ? ಯಾವ ಮಾತ್ರೆ ತಗೋತಿದೀರ? ಒಂದ್ಸಲ ನಂಗೂ ಅಣ್ಣಂಗೂ ಎಲ್ಲಾ ಹೇಳಿಬಿಡಿ. ನಾಳೆ ಏನಾದ್ರೂ ಆದ್ರೆ...”

“ಬಿಡ್ತು ಅನ್ನು!” ಅಣ್ಣ ಫೆರೆಟಿ ಸಿಡುಕಿದ. “ಊಟದ ಹೊತ್ತಲ್ಲಿ ಇದೇನು ಅಪಶಕುನ? ಊರ ಸಭೆಯಲ್ಲಿ ಕೂರೋ ಮನುಷ್ಯರ ಹತ್ರ ಮಾತ್ರೆ ವಿಚಾರ ಕೇಳ್ತಾಳೆ! ಜಮೀನಿನ ಪತ್ರಾನೂ ಕೇಳಿಬಿಡು, ಒಂದೇ ಸಲ ಮುಗೀಲಿ.”

“ಪತ್ರ ಯಾರಿಗೆ ಬೇಕಣ್ಣ? ಆಸ್ಪತ್ರೇಲಿ ಕೇಳಿದ್ರೆ ಏನು ಹೇಳ್ತೀಯ? ನಿಂಗೇನಾದ್ರೂ ಗೊತ್ತಾ?”

“ಗೊತ್ತಾಗೋದು ಬೇಕಾಗಿಲ್ಲ. ದೊಡ್ಡವರ ಕಾಯಿಲೆ ಮಕ್ಕಳ ಬಾಯಲ್ಲಿ ಬರಬಾರದು.”

ಫೌಮಾಲು ಮಗನ ಕಡೆ ಮೆಚ್ಚಿಕೊಂಡು ನೋಡಿದರು. ಗೆಡ್ಡೆಯ ತುಂಡಿಗೆ ಕೈಚಾಚಿದರು. ಕೈ ತಟ್ಟೆ ಮುಟ್ಟಲೇ ಇಲ್ಲ. ಹಾಗೇ ಪಕ್ಕಕ್ಕೆ ವಾಲಿ ಬಿದ್ದರು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಕಾಲ ಮೇಲಿನ ಬಟ್ಟೆ ಸರಿಸಿದಾಗ ಪಾದದ ಹುಣ್ಣು ಕಂಡಿತು. ಅದೆಷ್ಟು ದಿನದಿಂದ ಮುಚ್ಚಿಟ್ಟಿದ್ದರೋ, ಕಪ್ಪಾಗಿ ನಾರುತ್ತಿತ್ತು.

ಭಾನುವಾರ ಬಸ್ಸುಗಳು ಓಡುವುದಿಲ್ಲ. ಫೆರೆಟಿ ತಾನೇ ಓಡಿಸುವ ಬಸ್ಸು ತೆಗೆದು, ಅಪ್ಪನನ್ನು ಸೀಟಿನ ಮೇಲೆ ಮಲಗಿಸಿಕೊಂಡು ರಾಜಧಾನಿ ಅಪಿಯಾದ ಆಸ್ಪತ್ರೆಗೆ ಧಾವಿಸಿದ. ದಾರಿಯುದ್ದಕ್ಕೂ ಸಿಯೆನಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

“ನಂಜು ರಕ್ತಕ್ಕೆ ಏರಿದೆ, ಈಗಲೇ ಇಂಜೆಕ್ಷನ್ ಶುರು ಮಾಡ್ಬೇಕು,” ಎಂದರು ಡಾಕ್ಟರಮ್ಮ. “ಇವರಿಗೆ ಯಾವುದಾದ್ರೂ ಔಷಧಿ ಒಗ್ಗಲ್ವಾ?”

“ಅಂಥದ್ದೇನೂ ಇಲ್ಲ. ನಮ್ಮಪ್ಪ ಗಟ್ಟಿ ಜೀವ,” ಎಂದ ಫೆರೆಟಿ.

ಸಿಯೆನಿ ಅವನ ತೋಳು ಹಿಡಿದುಕೊಂಡಳು. “ಇರಣ್ಣ! ಅಪ್ಪ ಹಿಂದೊಮ್ಮೆ ಸೂಜಿ ಚುಚ್ಚಿಸ್ಕೊಂಡು ಸತ್ತು ಬದುಕಿದ್ರು ಅಂತ ಅತ್ತೆ ಯಾವಾಗ್ಲೋ ಅಂದಿದ್ರು.”

“ಯಾವ ಸೂಜಿ?” ಎಂದರು ಡಾಕ್ಟರಮ್ಮ.

ಅದು ಅಣ್ಣ ತಂಗಿ ಇಬ್ಬರಿಗೂ ತಿಳಿದಿರಲಿಲ್ಲ. ಹಾಸಿಗೆಯಲ್ಲಿ ಅಪ್ಪ ಏನೋ ಬಡಬಡಿಸುತ್ತಿದ್ದರು, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನರ್ಸು ಆಸ್ಪತ್ರೆಯ ದಾಖಲೆಗಳಲ್ಲಿ, ಮುಖಂಡರಾದಾಗ ಬಂದ ಹೆಸರು ಫೌಮಾಲು ಎಂದು ಹುಡುಕಿದಳು. ಅದಕ್ಕೂ ಮೊದಲಿನ ಹೆಸರು ಯೋಪು ಸೆಫೋ ಎಂದೂ ಹುಡುಕಿದಳು. ಎರಡರಲ್ಲೂ ಏನೂ ಸಿಗಲಿಲ್ಲ.

“ಬೇರೆ ಔಷಧಿ ಇದೆ,” ಎಂದರು ಡಾಕ್ಟರಮ್ಮ. “ಆದ್ರೆ ಸಕ್ಕರೆ ಕಾಯಿಲೆಯಿಂದ ಇವರ ಕಿಡ್ನಿ ಆಗಲೇ ಸೋತಿದೆ, ಅದು ಇನ್ನೂ ಹೊಡೆತ ಕೊಡುತ್ತೆ. ಈ ಇಂಜೆಕ್ಷನ್ ಕೊಟ್ಟು ಒಗ್ಗದೆ ಹೋದ್ರೆ ಉಸಿರೇ ನಿಲ್ಲಬಹುದು. ಬೇಗ ವಿಚಾರಿಸಿ. ನಾನು ಹೆಚ್ಚು ಹೊತ್ತು ಕಾಯೋಕಾಗಲ್ಲ.”

ಅಪ್ಪನ ಅಕ್ಕ ಸಲಾಫಾಯಿ ಇರುವುದು ದ್ವೀಪದ ಆ ಕಡೆಯ ಊರಿನಲ್ಲಿ. ಅವರ ಫೋನು ಆಫ್ ಆಗಿತ್ತು. ಮಧ್ಯಾಹ್ನದ ಪ್ರಾರ್ಥನೆಗೆ ಹೋಗಿರಬೇಕು. ಆ ಊರಿನ ಚರ್ಚಿನ ಎದುರು ಅಂಗಡಿಯಿಟ್ಟಿರುವ ಕೆನೆಟಿಗೆ ಫೆರೆಟಿ ಫೋನು ಮಾಡಿದ.

“ನಮ್ಮತ್ತೆಗೆ ಫೋನ್ ಕೊಡೋ, ಬೇಗ!”

“ಪ್ರಾರ್ಥನೆ ನಡೀತಿದೆಯಲ್ಲೋ ಪುಣ್ಯಾತ್ಮ! ಫೋನ್ ಹಿಡ್ಕೊಂಡು ಒಳಗೆ ಹೋದ್ರೆ ಊರ ಸಭೆಯೋರು ದಂಡ ಅಂತ ನನ್ನ ಹಂದಿ ಹಿಡ್ಕೊಂಡು ಹೋಗ್ತಾರೆ. ಅಂಥಾ ಅರ್ಜೆಂಟ್ ಏನು?”

ಫೆರೆಟಿಗೆ ಅಪ್ಪನ ಮರ್ಯಾದೆ ಕಣ್ಣಮುಂದೆ ಬಂತು. ಆಮೇಲೆ ಬಾಯಿಬಿಟ್ಟ.

“ಅಪ್ಪ ಸಾಯ್ತಿದಾರೆ ಕಣೋ! ಕಾಲು ಕೊಳೆತು ನಂಜೇರಿದೆ. ನಿನ್ನ ಹಂದಿ ನಾನು ಕೊಡಿಸ್ತೀನಿ, ಓಡು!”

ಕೆನೆಟಿಗೆ ಕಿವಿ ಮಂದ, ಅವನ ಫೋನಿನ ಸ್ಪೀಕರು ಯಾವಾಗಲೂ ಜೋರಾಗಿಯೇ ಇರುತ್ತಿತ್ತು. ಅವನು ಓಡುವ ಸದ್ದು, ಹತ್ತಿರವಾಗುವ ಹಾಡು, ಹಾಡು ತಟ್ಟನೆ ನಿಂತದ್ದು, ಎಲ್ಲ ಫೆರೆಟಿಗೆ ಕೇಳಿಸಿತು.

“ಅತ್ತೇ! ಅಪ್ಪಂಗೆ ಯಾವ ಸೂಜಿ ಒಗ್ಗಲಿಲ್ಲ? ಕಾಲಿನ ಹುಣ್ಣಿಗೆ ಸೂಜಿ ಹಾಕ್ಬೇಕು, ಹೇಳಿ!” ಎಂದು ಕಿರುಚಿದ. ಇಡೀ ಚರ್ಚು ಕೇಳುತ್ತಿದೆ ಎಂದು ಗೊತ್ತಿದ್ದೇ ಕಿರುಚಿದ.

“ಸೂಜಿ ಹೆಸರು ನಂಗೇನು ಗೊತ್ತು ಮಗನೇ?” ಎಂದರು ಅತ್ತೆ. “ಅವನಿಗಾಗ ಮೀಸೆ ಚಿಗುರುತ್ತಿತ್ತು. ಅದೇ ಆಸ್ಪತ್ರೆ. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಅಲ್ಲಿ ಬರೆದಿಟ್ಟಿರಬೇಕು, ನೋಡಿಸು.”

“ಯೋಪು ಸೆಫೋ ಹೆಸರಲ್ಲಿ ಏನೂ ಇಲ್ಲ ಅಂತಾರೆ.”

“ಅಯ್ಯೋ ದಡ್ಡ! ಅವನನ್ನ ಸಾಕಿದ್ದು ನಮ್ಮ ಸೋದರಮಾವ. ಆಗ ಮಾವನ ಹೆಸರು ಸೇರಿಸ್ಕೊಂಡು ಅವನು ಯೋಪು ವಾಲೆಲೆ. ನಿಮ್ಮಪ್ಪನ ಹೆಸರೂ ಗೊತ್ತಿಲ್ವೇನೋ ನಿಮಗೆ?”

ಗೊತ್ತಿರಲಿಲ್ಲ. ನರ್ಸು ಓಡಿಹೋಗಿ ಹಳೆಯ ಕಪಾಟಿನಿಂದ ಮಾಸಿದ ಕಾರ್ಡೊಂದನ್ನು ತಂದಳು. ಪೆನಿಸಿಲಿನ್ ಕೊಡಕೂಡದು ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಡಾಕ್ಟರಮ್ಮ ತುಂಬಿಸಿಟ್ಟಿದ್ದ ಸಿರಿಂಜನ್ನು ಪಕ್ಕಕ್ಕಿಟ್ಟರು. “ಇದನ್ನೇ ಕೊಡೋಳಿದ್ದೆ,” ಎಂದು ಬೇರೆ ಔಷಧಿ ತರಿಸಿದರು. ಫೆರೆಟಿ ಗೋಡೆಗೊರಗಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟ.

ಕಾಲಿನ ಎರಡು ಬೆರಳು ಕಳೆದುಕೊಂಡು ಫೌಮಾಲು ಮನೆಗೆ ಬಂದರು. ಅಂದು ಸಂಜೆ ಪ್ರಾರ್ಥನೆ ಮುಗಿಯುತ್ತಲೇ ಮಗನನ್ನು ಎದುರಿಗೆ ಕೂರಿಸಿಕೊಂಡರು.

“ನನ್ನ ಕಾಲಿನ ಸುದ್ದಿ ಇಡೀ ಚರ್ಚಿಗೆ ಡಂಗುರ ಸಾರಿದೆಯಂತೆ?”

“ಸಾರಿದೆ ಅಪ್ಪಾ. ಇನ್ನು ಮೇಲೆ ಮನೇಲೇ ಸಾರೋಣ. ಮಾತ್ರೆ ಯಾವುದು, ಪತ್ರ ಎಲ್ಲಿದೆ, ಹೆಸರು ಎಷ್ಟಿವೆ, ಎಲ್ಲಾ ಹೇಳಿ. ಸಿಯೆನಿ ಬರ್ಕೋತಾಳೆ.”

“ಅವಳು ಕೇಳಿದಾಗ ಬೈದೋನು ನೀನೇ ಅಲ್ವೇನೋ?”

“ಬೈದೆ. ತಪ್ಪಾಯ್ತು.”

ಮುದುಕರು ಪೆನ್ನು ತರುವಂತೆ ಮಗಳಿಗೆ ಸನ್ನೆ ಮಾಡಿದರು. ಆಮೇಲೆ ಶುರು ಮಾಡಿದರು. ಒಂದೊಂದೇ ಹೇಳಿದರು. “ಇನ್ನೂ ಯಾವುದಾದ್ರೂ ಹೆಸರಿದ್ರೆ ನಿಮ್ಮತ್ತೇನೇ ಕೇಳಿ, ನಂಗಿಂತ ಅವಳಿಗೇ ಚೆನ್ನಾಗಿ ಗೊತ್ತು,” ಎಂದಾಗ ಎಲ್ಲರೂ ನಕ್ಕರು.

“ನಂದಾಯ್ತು. ಈಗ ನಿಂದು ಹೇಳು,” ಎಂದರು ಮಗನಿಗೆ.

“ನಂದೇನಿದೆ ಅಪ್ಪಾ?” ಎಂದು ನಗಲು ಹೋದ ಫೆರೆಟಿಗೆ ನಗು ಬರಲಿಲ್ಲ. ಪೇಟೆಯ ಕ್ಲಿನಿಕ್ಕಿನಲ್ಲಿ ಅವನಿಗೂ ಸಕ್ಕರೆ ಕಾಯಿಲೆ ಎಂದು ಹೇಳಿ ವರ್ಷವಾಗುತ್ತ ಬಂದಿತ್ತು. ಮಾತ್ರೆಗಳನ್ನು ಬಸ್ಸಿನ ಸೀಟಿನ ಕೆಳಗೆ ಬಚ್ಚಿಟ್ಟಿದ್ದ, ನೆನಪಾದಾಗ ನುಂಗುತ್ತಿದ್ದ. ಹೆಂಡತಿ ಟಿರೇಸಾ ಆಚೆ ಮೀನು ಬಡಿಸುತ್ತಿದ್ದಳು.

“ಟಿರೇಸಾ, ಒಂಚೂರು ಬಾ ಇಲ್ಲಿ,” ಎಂದ. “ನಂಗೂ ಸಕ್ಕರೆ ಕಾಯಿಲೆ ಇದೆ ಕಣೇ. ನಿಂಗೆ ಹೇಳಿರಲಿಲ್ಲ.”

ಅವಳು ಸೌಟು ಇಟ್ಟು ಬಂದಳು. ಗಂಡನ ಮುಖವನ್ನೇ ನೋಡಿದಳು, ಕಣ್ಣು ತುಂಬಿತ್ತು. ಸಿಯೆನಿಯ ಕೈಯಿಂದ ಪೆನ್ನು ಈಸಿಕೊಂಡು ಅವನ ಪಕ್ಕ ಕೂತಳು.

“ಯಾವ ಮಾತ್ರೆ? ಹೇಳಿ,” ಎಂದಳು.