ರೇಖಾಳ ಪಾಲಿನ ಬಿಸಿಲು

ಶಬಾನಳಿಗೆ ರೇಖಾಳ ಮೇಲೆ ಹೊಟ್ಟೆಕಿಚ್ಚು. ಇದರಲ್ಲಿ ಸುತ್ತಿಬಳಸಿ ಹೇಳುವುದೇನಿದೆ? ಕೊಪ್ಪದ ಆ ಆರು ಫ್ಲಾಟುಗಳ ಕಟ್ಟಡದ ಮೇಲಿನ ಮಹಡಿಯಲ್ಲಿ ಇಬ್ಬರದೂ ಎದುರುಬದುರು ಬಾಗಿಲು, ಇಬ್ಬರದೂ ಹೊಲಿಗೆ ಕಸುಬು. ಹನ್ನೆರಡು ವರ್ಷ ಊರಿನ ಒಳ್ಳೊಳ್ಳೆಯ ಬಟ್ಟೆಯೆಲ್ಲ ಶಬಾನಳ ಕೈಗೇ ಬರುತ್ತಿತ್ತು. ಹೋದ ವರ್ಷ ರೇಖಾ ಬಂದಳು, ಕಂಪ್ಯೂಟರ್ ಕಸೂತಿ ಮಿಷನ್ ತಂದಳು. ಗುಂಡಿ ಒತ್ತಿದರೆ ನವಿಲು ತಾನೇ ಮೂಡುತ್ತದಂತೆ! ಮೂಡಲಿ. ಆದರೆ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು ಆ ಬಾಗಿಲು ತಟ್ಟಿದಾಗಲೆಲ್ಲ ಶಬಾನಳ ಹೊಟ್ಟೆಯಲ್ಲಿ ಮೆಣಸು ಅರೆದಂತಾಗುತ್ತಿತ್ತು.

ಆ ವಾರ ಗಾಳಿಗೆ ಮರ ಬಿದ್ದು ಲೈನ್ ಹರಿದು ಎರಡು ದಿನ ಕರೆಂಟಿರಲಿಲ್ಲ. ಇದ್ದದ್ದು ತಾರಸಿಯ ಸೋಲಾರ್ ಮಾತ್ರ. ಎಲ್ಲರೂ ಸೇರಿ ಹಾಕಿಸಿದ್ದು, ಆರು ಮನೆಗೂ ಸಮಪಾಲು. ಶಬಾನ ಹೊಲಿಯುತ್ತಿದ್ದ, ಬಸರೀಕಟ್ಟೆಯ ನಿಲೋಫರಳ ಮದುವೆಯ ಲೆಹಂಗಾ ಒಯ್ಯಲು ಎರಡನೆಯ ದಿನ ಸಂಜೆ ಐದಕ್ಕೆ ಜೀಪು ಬರುವುದಿತ್ತು, ಅಂಚಿನ ಹೊಲಿಗೆ ಇನ್ನೂ ಬಾಕಿ. ಮರುದಿನವೇ ನಿಕಾಹ್. ಇದೊಂದು ತಪ್ಪಿದರೆ ಆ ಕಡೆಯ ಗಿರಾಕಿಗಳೂ ಕೈಬಿಟ್ಟಂತೆಯೇ.

ಎದುರು ಮನೆಯ ಮಿಷನ್ನಿನ ಟಕಟಕ ಬೆಳಗಿನಿಂದ ನಿಲ್ಲಲೇ ಇಲ್ಲ. ಶಬಾನ ತಡೆಯಲಾರದೆ ಒದ್ದೆ ಕಂಬಳಿ ಹೊತ್ತು ತಾರಸಿ ಹತ್ತಿದಳು. ಹಂಚಿನ ಮನೆಯಲ್ಲಿ ಬೆಳೆದವಳು. ಅವರವರ ಸೂರಿನ ಮೇಲೆ ಬಿದ್ದ ಬಿಸಿಲು ಅವರವರಿಗೆ ಎಂದೇ ಅವಳ ತಿಳಿವಳಿಕೆ. ರೇಖಾಳ ಮನೆಯ ನೆತ್ತಿಗಿದ್ದ ಸೋಲಾರ್ ಹಲಗೆಗಳ ಮೇಲೆ ಕಂಬಳಿ ಹರವಿ, ಒಣಗಲು ಹಾಕಿದವಳಂತೆ ಅಂಚು ಸರಿಮಾಡಿ ಇಳಿದಳು.

ಹನ್ನೊಂದಕ್ಕೆ ಎದುರಿನ ಟಕಟಕ ನಿಂತಿತು. ಶಬಾನ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಮಿಷನ್ನಿನ ಮೋಟಾರೂ ನಿಂತಿತು. ಮೋಟಾರು ಹಾಕಿಸಿದ ದಿನವೇ ಕಾಲಲ್ಲಿ ತುಳಿದು ಓಡಿಸುವ ಪಟ್ಟಿಯನ್ನು ಗುಜರಿಗೆ ಕೊಟ್ಟಾಗಿತ್ತು. ಸೋಲಾರ್ ನೋಡಿಕೊಳ್ಳುವ ರೇಣುಕಪ್ಪನ ಬಳಿಗೆ ಓಡಿದಳು.

"ಹಲಗೆಗಳೆಲ್ಲ ಒಂದಕ್ಕೊಂದು ಕಟ್ಟಿದ್ದು ಮಾರಾಯ್ತಿ. ಒಂದಕ್ಕೆ ನೆರಳಾದ್ರೆ ಆರು ಮನೆಗೂ ಕಮ್ಮಿ. ಮೇಲೆ ಯಾರೋ ಎಂತದೋ ಒಣಗಿಸಿರ್ಬೇಕು," ಎಂದ ರೇಣುಕಪ್ಪ.

ಎದುರಿನವಳಿಗೆ ಅಪಶಕುನವಾಗಲೆಂದು ತನ್ನ ಮೂಗನ್ನೇ ಕೊಯ್ದುಕೊಂಡದ್ದಾಯಿತು. ಶಬಾನ ಮೇಲೆ ಹೋಗಿ ಕಂಬಳಿ ಎಳೆಯುವಷ್ಟರಲ್ಲಿ ಮೋಡ ಕವಿದಿತ್ತು, ಬ್ಯಾಟರಿಯೂ ಬರಿದಾಗಿತ್ತು. ನೀರಿನ ಟ್ಯಾಂಕಿನ ಪಕ್ಕ ರೇಖಾ ನಿಂತಿದ್ದಳು.

"ನೀವು ಹಾಕುವಾಗ್ಲೇ ನೋಡಿದ್ದೆ," ಎಂದಳು.

"ನೋಡಿದವಳು ತೆಗೀಬಾರದಿತ್ತಾ?"

"ನಿಮ್ಮ ಮಿಷನ್ನೂ ನಿಲ್ತದೆ ಅಂತ ಗೊತ್ತಿತ್ತು. ಅದಕ್ಕೇ ಬಿಟ್ಟೆ." ರೇಖಾ ತಲೆ ತಗ್ಗಿಸಿದಳು. "ನಿಲೋಫರ್ ಮೊದ್ಲು ನಮ್ಮನೆಗೇ ಬಂದಿದ್ಲು. ನನ್ನ ಕೆಲಸ ನೋಡಿ, ಶಬಾನಕ್ಕನ ಹತ್ರಾನೇ ಹೊಲಿಸ್ತೀನಿ ಅಂತ ಎದ್ದು ಹೋದ್ಲು. ಅವತ್ತಿಂದ ಅನ್ನ ಸೇರ್ತಿಲ್ಲ ನಂಗೆ."

ಶಬಾನ ಕಂಬಳಿ ಮಡಚತೊಡಗಿದಳು. ತನ್ನ ಮೇಲೂ ಒಬ್ಬಳು ಇಷ್ಟು ಉರಿದುಕೊಂಡಿದ್ದಾಳೆ! ಇಷ್ಟು ಸವಿಯಾದ ಮಾತನ್ನು ಶಬಾನ ವರ್ಷದಿಂದ ಕೇಳಿರಲಿಲ್ಲ. ಹೊಟ್ಟೆ ಮಜ್ಜಿಗೆ ಕುಡಿದಂತೆ ತಣ್ಣಗಾಯಿತು.

"ಕೈಯಲ್ಲಿ ಹೊಲಿಯೋಕೆ ಬರ್ತದಾ ನಿಂಗೆ?"

"ಬರ್ತದೆ. ನಿಮ್ಮಷ್ಟಲ್ಲ."

ಕಿಟಕಿಯ ಬೆಳಕಿನಲ್ಲಿ ಇಬ್ಬರೂ ಕೂತು ಲೆಹಂಗಾದ ಅಂಚನ್ನು ಒಂದೊಂದು ಕಡೆಯಿಂದ ಹೊಲಿದು ಬಂದರು. ಐದಕ್ಕೆ ಜೀಪಿನಲ್ಲಿ ಬಂದ ನಿಲೋಫರಳ ತಾಯಿ ಅಂಚನ್ನು ಬೆರಳಲ್ಲಿ ಸವರುತ್ತ ಹೋಗಿ, ಒಂದು ಕಡೆ ನಿಂತಳು.

"ಇಲ್ಲಿ ನೋಡಿ, ಹೊಲಿಗೆ ಕಾಣೋದೇ ಇಲ್ಲ. ಇದು ಶಬಾನಳ ಕೈ."

ಅದು ರೇಖಾ ಹೊಲಿದ ಕಡೆ. ರೇಖಾ ಬಾಗಿಲಲ್ಲೇ ನಿಂತಿದ್ದಳು. ಶಬಾನ ಅವಳತ್ತ ಕೈ ತೋರಿದಳು.

"ಅದು ಇವಳು ಹೊಲಿದದ್ದು," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಹೊಟ್ಟೆಯ ಕಿಚ್ಚು ಮತ್ತೆ ಹತ್ತಿಕೊಂಡಿತ್ತು.