ಟೇಕ್ ಇನ್, ಲೆಟ್ ಔಟ್

ಹೊಲಿಗೆಯಲ್ಲಿ ಅಕ್ಕನದು ಎತ್ತಿದ ಕೈ. ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೆ. ಪರದೇಶದ ನಮ್ಮ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದದ್ದು ಭಾವ. ಪಾರ್ಶ್ವವಾಯು ಹೊಡೆದು ಅವರ ಬಲಗೈಯೂ ಮಾತೂ ಒಟ್ಟಿಗೇ ಹೋದಾಗ, ಅಕ್ಕ ಹೊಲಿಗೆ ಮೆಷಿನ್ನನ್ನು ನನಗೆ ಒಪ್ಪಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂಭಾಗದ ಮೇಜಿಗೆ ಬಂದಳು.

ಮೊದಲ ವಾರವೇ ಎಡವಟ್ಟಾಯಿತು. ಹೆಂಗಸೊಬ್ಬರು ಕೋಟು ಕೊಟ್ಟು, "ಟೇಕ್ ಇಟ್ ಇನ್" ಎಂದರು. ಅಕ್ಕ ಅದನ್ನು ಜೋಪಾನವಾಗಿ ಒಳಗೆ ಒಯ್ದು ಗೂಟಕ್ಕೆ ನೇತುಹಾಕಿದಳು. ಮರುದಿನ ಆ ಹೆಂಗಸು ಬಂದು ನೋಡಿದರೆ ಕೋಟು ಹೇಗಿತ್ತೋ ಹಾಗೇ ಇದೆ! ಅವರು ಸೊಂಟದ ಹತ್ತಿರ ಬಟ್ಟೆ ಚಿವುಟಿ ತೋರಿಸಿದ ಮೇಲೆ, ಬಿಗಿ ಮಾಡಿ ಎಂದಿದ್ದರೆಂದು ಗೊತ್ತಾಯಿತು. ನಾನು ನಾಚಿ ನೀರಾದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"'ಟೇಕ್' ಗೊತ್ತಿತ್ತು, 'ಇನ್' ಗೊತ್ತಿತ್ತು ಕಣೇ. ಎರಡೂ ಸೇರ್ಕೊಂಡು ನನಗೇ ಟೋಪಿ ಹಾಕಿದ್ವು!"

ಅಂದಿನಿಂದ ಭಾವನೇ ಮೇಷ್ಟ್ರು. ಮೂಲೆಯ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಅಂಗಿ ಚಿವುಟುವರು. ಅಕ್ಕ "ಟೇಕ್ ಇನ್" ಎನ್ನಬೇಕು. ಸಡಿಲ ಬಿಟ್ಟರೆ "ಲೆಟ್ ಔಟ್". ಅಂಚನ್ನು ಮೇಲಕ್ಕೆ ಮಡಿಚಿದರೆ "ಟೇಕ್ ಅಪ್". ಆಮೇಲೆ ಪೂರ್ತಿ ವಾಕ್ಯ. ತಪ್ಪಿದರೆ ಕುರ್ಚಿಯ ಕೈ ಕುಟ್ಟುವರು.

"ಐ ವಿಲ್ ಟೇಕ್ ಅಪ್ ಇಟ್."

ಟಕ್ ಟಕ್.

"ಟೇಕ್ ಇಟ್ ಅಪ್?"

ಭಾವ ಹೌದೆಂದು ತಲೆಯಾಡಿಸಿದರು.

"ಓಹೋ, ಈ 'ಇಟ್' ನಡುವೆ ಬರ್ಬೇಕು, ಬೆಲ್ಟ್ ಥರ!"

ಅಡುಗೆ ಮಾಡುವಾಗಲೂ, ಬಟ್ಟೆ ಒಣಹಾಕುವಾಗಲೂ ಅವಳ ಬಾಯಲ್ಲಿ ಅದೇ. ಯಾರು ಬೈದರೂ ನಕ್ಕರೂ ಎದೆಗುಂದಲಿಲ್ಲ. ಗಿರಾಕಿಗಳ ಬಾಯಿಂದ ಬಿದ್ದದ್ದನ್ನೆಲ್ಲ ಹೆಕ್ಕಿಕೊಂಡಳು.

ಒಂದು ಬೆಳಿಗ್ಗೆ ಪಿಟೀಲು ನುಡಿಸುವವರೊಬ್ಬರು ಏದುಸಿರು ಬಿಡುತ್ತ ಬಂದರು. ಸಂಜೆಗೆ ಕಾರ್ಯಕ್ರಮ, ಕೋಟು ತೊಟ್ಟರೆ ತೋಳು ಮೇಲೇಳುವುದಿಲ್ಲ. ಬೇರೆ ಅಂಗಡಿಯವರು ಆಗುವುದಿಲ್ಲ ಎಂದಿದ್ದರಂತೆ. ಅಕ್ಕ ಕೋಟನ್ನು ತಿರುವಿ, ಒಳಹೊಲಿಗೆಯಲ್ಲಿ ಬಿಟ್ಟಿದ್ದ ಬಟ್ಟೆಯನ್ನು ಬೆರಳಲ್ಲಿ ಅಳೆದಳು.

"ಐ ಕ್ಯಾನ್ ಲೆಟ್ ಇಟ್ ಔಟ್ ಅಂಡರ್ ದಿ ಆರ್ಮ್ಸ್. ಪ್ಲೀಸ್ ಪಿಕ್ ಇಟ್ ಅಪ್ ಅಟ್ ಫೋರ್."

ಕುಟ್ಟಲೆಂದು ಎತ್ತಿದ್ದ ಭಾವನ ಕೈ ಗಾಳಿಯಲ್ಲೇ ನಿಂತಿತು. 'ಪಿಕ್ ಅಪ್' ಅವರು ಹೇಳಿಕೊಟ್ಟದ್ದಲ್ಲ.

ಗಿರಾಕಿ ಹೋದ ಮೇಲೆ ಅಕ್ಕ ಕೇಳಿದಳು: "ಏನ್ರೀ, ತಪ್ಪಾಯ್ತಾ?"

ಭಾವ ಇಲ್ಲವೆಂದು ತಲೆಯಾಡಿಸಿ ಕೈ ಚಾಚಿದರು. ಅಕ್ಕ ಕೋಟು ಕೊಟ್ಟಳು. ಕಾಯಿಲೆ ಬಿದ್ದ ಮೇಲೆ ಹೊಲಿಗೆ ಕೆಲಸಕ್ಕೆ ಕೈ ಹಾಕದಿದ್ದವರು, ಅದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಕತ್ತರಿ ಹಿಡಿದು ಕಂಕುಳ ಹೊಲಿಗೆ ಬಿಚ್ಚತೊಡಗಿದರು. ಅಕ್ಕ ಪಕ್ಕದಲ್ಲೇ ಕೂತು ದಾರದ ತುಣುಕುಗಳನ್ನು ಆರಿಸುತ್ತಿದ್ದಳು.