ಯಜಮಾನರಿಲ್ಲದ ಕೂಡುರಾಶಿ

ಗುಡಗೇರಿಯ ಮಹಾನಂದಾಗೆ ಅಧ್ಯಕ್ಷರು ಎಂಬ ಶಬ್ದ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೆ ಊರಿನ ಸಂಘವೊಂದರ ಅಧ್ಯಕ್ಷ ಎಲ್ಲರ ಪಾಲನ್ನೂ ನುಂಗಿ ನೀರು ಕುಡಿದು, ಆಮೇಲೂ ಮದುವೆಮನೆಗಳಲ್ಲಿ ಮುಂದಿನ ಸಾಲಿಗೇ ಬಂದು ಕೂಡುತ್ತಿದ್ದ. ಅದಕ್ಕೇ ಕಾಳು ಒಕ್ಕುವ ರಾಶಿ ಮಷಿನ್ ಕೊಳ್ಳಲು ಮೂವತ್ತು ಮನೆಯವರು ಸೇರಿ 'ಕೂಡುರಾಶಿ' ಕಟ್ಟಿದಾಗ ಆಕೆ ಹಟ ಹಿಡಿದಳು, ಇಲ್ಲಿ ಯಜಮಾನರೇ ಬೇಡ ಎಂದು. ಹೀಗೆ ಯಜಮಾನರಿಲ್ಲದೆ ಫೋನಿನಲ್ಲೇ ನಡೆಯುವ ಕೂಟಕ್ಕೆ ಡಿಎಒ ಅನ್ನುತ್ತಾರೆಂದು ಹುಬ್ಬಳ್ಳಿಯಿಂದ ಬಂದವರು ಹೇಳಿಕೊಟ್ಟರು. ಕಟ್ಟಳೆಯೆಲ್ಲ ಫೋನಿನೊಳಗೆ. ಅರ್ಧಕ್ಕಿಂತ ಹೆಚ್ಚು ಸದಸ್ಯರು ತಮ್ಮ ತಮ್ಮ ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿದರಷ್ಟೇ ಎಲ್ಲರೂ ಕೂಡಿಹಾಕಿದ ಗಂಟಿನ ಹಣ ಹೊರಬರುತ್ತದೆ. ಹೊಸ ಹೆಸರು ಸೇರಿಸುವುದಕ್ಕೂ ಹಳೆಯದನ್ನು ಅಳಿಸುವುದಕ್ಕೂ ಅದೇ ಕಟ್ಟಳೆ. ತಾನಾಗಿ ಬಿಟ್ಟುಹೋಗುವವರು ಮಾತ್ರ ಯಾರನ್ನೂ ಕೇಳಬೇಕಿಲ್ಲ. ಅವರ ಪಾಲು ಅಲ್ಲೇ ಉಳಿಯುತ್ತದೆ.

ಕುಂದಗೋಳದ ವಕೀಲ ಅಮೋಘಸಿದ್ದಪ್ಪ ಆಗಲೇ ಹೇಳಿದ್ದರು.

"ಅಕ್ಕಾರ, ರಜಿಸ್ಟರ್ ಮಾಡಸ್ರಿ. ಟ್ಯಾಕ್ಸ್ ಕಟ್ರಿ, ವಿಮಾ ಮಾಡಸ್ರಿ. ನಿಮ್ಮ ಊರ ಹಣಮಪ್ಪನ ಹೆಸರಿಲೆ ಹೊಲ ಐತಿ. ಕೋರ್ಟಿನ್ಯಾಗ ಆ ದೇವರೂ ಒಬ್ಬ ಆಸಾಮಿ. ನಿಮ್ಮ ಕೂಡುರಾಶಿ ಮಾತ್ರ ಕಾಯ್ದೆದ ಕಣ್ಣಿಗೆ ಕಾಣಂಗಿಲ್ಲ."

"ಕಾಣಲಾರದ್ದ ಚೊಲೊ ಬಿಡ್ರಿ. ಕಂಡ್ರ ಮತ್ತೊಬ್ಬ ಅಧ್ಯಕ್ಷ ಹುಟ್ಟತಾನ," ಎಂದಳು ಮಹಾನಂದಾ.

ಮಷಿನ್ ನಡೆಸುತ್ತಿದ್ದ ಮುನಾಫ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ಸದಸ್ಯನೇ. ನೋಂದಣಿ ಬೇಡವೆಂದು ಮೊದಲು ಹೆಬ್ಬೆಟ್ಟು ಒತ್ತಿದವನೂ ಅವನೇ.

ಕಡಲೆ ರಾಶಿಯ ದಿನ ಅವನ ಕೊರಳ ರುಮಾಲು ಬೆಲ್ಟಿಗೆ ಸಿಕ್ಕಿತು. ಮಷಿನ್ ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಹೆಂಡತಿ ಜಾಸ್ಮಿನ್, ಇನ್ನೂ ಹಾಲು ಬಿಡದ ಕೂಸು. ಊರಿಗೆ ಊರೇ ಅತ್ತಿತು. ಸತ್ತವನ ಹೆಸರು ತೆಗೆಯಬೇಕಲ್ಲ ಎಂದು ಯಾರೋ ಅಂದಾಗ ಮಹಾನಂದಾ ಸಿಡಿದೆದ್ದಳು.

"ನಲವತ್ತು ದಿನದ ಫಾತಿಹಾ ಆಗೂ ತನಕಾ ಅವನ ಹೆಸರು ಮುಟ್ಟಬ್ಯಾಡ್ರಿ. ಜಾಸ್ಮಿನ್ ಜೀವಕ್ಕ ಏನನಸತೈತಿ?"

ಎಲ್ಲರೂ ಹೌದೆಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಗಂಟಿನಲ್ಲಿದ್ದುದನ್ನೆಲ್ಲ ಜಾಸ್ಮಿನ್‌ಗೆ ಕೊಡುವುದೆಂದು ಮಾತಾಯಿತು. ಅಷ್ಟರಲ್ಲಿ ಪೊಲೀಸರು ಬಂದು, ಈ ಮಷಿನ್ನಿನ ಮಾಲಕರು ಯಾರೆಂದು ಕೇಳಿದರು. ಜನ ವಕೀಲರ ಹತ್ತಿರ ಓಡಿದರು.

"ಕೂಡುರಾಶಿಗೆ ಕಾಯ್ದೆದಾಗ ಹೆಸರಿಲ್ಲ ಅಂದ್ರ ನೀವು ಅಷ್ಟೂ ಮಂದಿ ಮಾಲಕರಾಗತೀರಿ," ಎಂದರು ಅಮೋಘಸಿದ್ದಪ್ಪ. "ಸಾವಿನ ಪರಿಹಾರದ ಹೊಣಿ ಒಬ್ಬೊಬ್ಬರ ಹೊಲಾ ಮನಿ ತನಕಾನೂ ಬರಬಹುದು."

ಈಗ ಬಿಟ್ಟುಹೋದರೂ ಹೊಣೆ ತಪ್ಪುವುದಿಲ್ಲ ಎಂದೂ ಅವರು ಹೇಳಿದ್ದರು. ಅದು ಯಾರ ಕಿವಿಗೂ ಬೀಳಲಿಲ್ಲ. ಮರುದಿನ ಮಧ್ಯಾಹ್ನ ಮಹಾನಂದಾಳ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ದುರಗವ್ವ ಬಿಟ್ಟಿದ್ದಾರೆ. ಮಾಳಪ್ಪ ಬಿಟ್ಟಿದ್ದಾರೆ. ಹೀಗೇ ಒಬ್ಬೊಬ್ಬರಾಗಿ ಸಂಜೆಯೊಳಗೆ ಎಲ್ಲರೂ ಬಿಟ್ಟರು. ಇವರೇನು ಕೆಟ್ಟವರಲ್ಲ, ಮುನಾಫನ ಜನಾಜಾಕ್ಕೆ ಹೆಗಲು ಕೊಟ್ಟವರು, ಅವನ ಮನೆಗೆ ಜೋಳ ಹೊತ್ತು ಹಾಕಿದವರು. ಹೊಲದ ಮಾತು ಬಂದ ಕೂಡಲೇ ಎದೆ ಒಡೆದಿತ್ತು, ಅಷ್ಟೆ.

ಮಹಾನಂದಾಗೂ ಹೆದರಿಕೆ ಇತ್ತು. ಆದರೂ ಬಿಡಲಿಲ್ಲ. ಎಲ್ಲರೂ ಹೋದರೆ ಹೋಗಲಿ, ಉಳಿದವಳು ತಾನೊಬ್ಬಳೇ, ಇನ್ನು ತನ್ನದೊಂದು ಹೆಬ್ಬೆಟ್ಟು ಸಾಕು ಎಂದುಕೊಂಡು ಸಂಜೆ ನೆಟ್ಟಗೆ ಜಾಸ್ಮಿನ್ ಮನೆಗೆ ಹೋದಳು. ಆಕೆಯ ಎದುರೇ ಕೂತು ಫೋನಿಗೆ ಹೆಬ್ಬೆಟ್ಟು ಒತ್ತಿದಳು.

ಹಣ ಹೋಗಲಿಲ್ಲ. ಸದಸ್ಯರು ಇಬ್ಬರು, ಒಂದು ಹೆಬ್ಬೆಟ್ಟು ಬಾಕಿ ಎಂದು ತೋರಿಸಿತು. ಮಹಾನಂದಾ ಆ ಎರಡು ಹೆಸರುಗಳನ್ನು ನೋಡಿದಳು. ಒಂದನ್ನು ಅಳಿಸಬೇಕೆಂದರೂ, ಹೊಸದನ್ನು ಸೇರಿಸಬೇಕೆಂದರೂ ಇಬ್ಬರ ಹೆಬ್ಬೆಟ್ಟೂ ಬೇಕು. ನೋಂದಣಿ ಬೇಡ ಅಂದದ್ದೂ ತಾನೇ, ಆ ಹೆಸರು ಮುಟ್ಟಬೇಡಿ ಅಂದದ್ದೂ ತಾನೇ.

"ಆತೇನಕ್ಕಾ?" ಎಂದಳು ಜಾಸ್ಮಿನ್.

"ಇನ್ನೊಬ್ಬರು ಒತ್ತಬೇಕವ್ವಾ."

"ಯಾರು ಹೇಳಕ್ಕಾ. ಈಗ ಹೋಗಿ ಕೇಳತೀನಿ. ಬೇಕಾದ್ರ ಕಾಲು ಹಿಡೀತೀನಿ."

ಜಾಸ್ಮಿನ್ ಆಗಲೇ ಕೂಸನ್ನು ಎತ್ತಿಕೊಂಡು ಎದ್ದು ನಿಂತಿದ್ದಳು. ಮಹಾನಂದಾ ಆಕೆಯ ಸೆರಗು ಹಿಡಿದು ಕೂರಿಸಿದಳು.

"ನಿನ್ನ ಗಂಡನವ್ವಾ," ಎಂದಳು, ಮತ್ತು ಆಕೆಗಿಂತ ಮೊದಲು ತಾನೇ ಅತ್ತಳು.